ಹನ್ನೆರಡನೇ ನಂಬರಿನ ಅಂಗಿ

ಕತ್ತರಿ ಅಂಗಿಯ ಬೆನ್ನಿಗೆ ತಾಗಿತ್ತು. ಇನ್ನೇನು ಒತ್ತಬೇಕು ಅನ್ನುವಷ್ಟರಲ್ಲಿ ಬಾಗಿಲಿನಿಂದ ಜಂಬುನಾಥನ ದನಿ ಬಂತು.

"ಅಕ್ಕ, ತಡೀರಿ. ಅದನ್ನ ಕತ್ತರಿಸಬ್ಯಾಡ್ರಿ."

ಗುರುಬಸಮ್ಮ ತಲೆಯೆತ್ತಿದಳು. ಎದುರಿಗೆ, ಗೋಡೆಗೆ ಒರಗಿಸಿ ಎದೆಗೆ ಹಗ್ಗ ಸುತ್ತಿ ಕೂರಿಸಿದ್ದ ಗಂಡನ ಮೈ ಸೆಟೆದುಹೋಗಿತ್ತು. ಹಿಂದಿನ ಸಂಜೆ ಬಳ್ಳಾರಿಯ ಜೀನ್ಸ್ ಕಾರ್ಖಾನೆಯಲ್ಲಿ, ಗುಂಡಿ ಕೂರಿಸುವ ಯಂತ್ರದ ಮುಂದೆಯೇ ಮರಿಬಸಪ್ಪ ಕುಸಿದಿದ್ದ. ಕುರುಗೋಡಿಗೆ ಹೆಣ ಬಂದ ಕೂಡಲೇ ಹಿರಿಯರು ಪದ್ಧತಿಯಂತೆ ಕೂರಿಸಿದ್ದರು. ಅವನ ವಾಲಿಬಾಲ್ ಅಂಗಿಯ ನೆನಪು ಆಗ ಯಾರಿಗೂ ಬರಲಿಲ್ಲ. ಬೆಳಿಗ್ಗೆ ನೋಡಿದರೆ ತೋಳು ಮಡಚುತ್ತಿರಲಿಲ್ಲ. ಅಂಗಿಯ ಬೆನ್ನು ಸೀಳಿ ಮುಂದಿನಿಂದ ತೊಡಿಸೋಣವೆಂದು ಪಕ್ಕದ ಮನೆಯ ದಾಕ್ಷಾಯಣಿ ಕತ್ತರಿ ತಂದಿದ್ದಳು.

"ಸತ್ರ ಇದನ್ನ ಹಾಕಿ ಕಳಸು ಅಂತಿದ್ರು," ಎಂದಳು ಗುರುಬಸಮ್ಮ.

ಜಂಬುನಾಥ ಕುರುಗೋಡು ವಾಲಿಬಾಲ್ ಕ್ಲಬ್ಬಿನ ಕ್ಯಾಪ್ಟನ್. ಹೆಣಕ್ಕೆ ಕೈಮುಗಿದು, ಮೊಬೈಲಿನ ಸದ್ದು ಅಡಗಿಸಿ, ಅವಳೆದುರು ಕುಕ್ಕರುಗಾಲಿನಲ್ಲಿ ಕೂತ.

"ಇವತ್ತು ನಾಕಕ್ಕ ಫೈನಲ್ ಐತಕ್ಕ. ಸಿರುಗುಪ್ಪದವ್ರ ಮ್ಯಾಲೆ."

"ಗೊತ್ತೈತಿ. ಎರಡು ತಿಂಗಳಿಂದ ಅವ್ರ ಬಾಯಾಗ ಅದs ಇತ್ತು."

"ಆ ಅಂಗಿ ಬೇಕಿತ್ತು. ಅವನ ಆಧಾರ್ ಕಾರ್ಡೂ ಬೇಕು." ಅವನು ತಲೆ ತಗ್ಗಿಸಿ ಸೇರಿಸಿದ, "ಶಶಿನೂ ಬೇಕು."

ಮೂಲೆಯಲ್ಲಿ ನಿಂತಿದ್ದ ಶಶಿಕಾಂತ್ ನೆಲ ನೋಡಿದ. ಮರಿಬಸಪ್ಪನ ಒಬ್ಬನೇ ತಮ್ಮ; ಬ್ರೂಸ್‌ಪೇಟೆಯ ಬಟ್ಟೆ ಅಂಗಡಿಯಲ್ಲಿ ಕೆಲಸ. ಮಕ್ಕಳಿಲ್ಲದ ಅಣ್ಣನಿಗೆ ಮೊದಲ ಹಿಡಿ ಮಣ್ಣು ಹಾಕಬೇಕಾದವನು ಅವನೇ.

\*

ಹನ್ನೊಂದು ವರ್ಷ, ಲೀಗ್ ನಡೆಯುವ ಪ್ರತಿ ಭಾನುವಾರ ಸಂಜೆ, ಗುರುಬಸಮ್ಮ ಆ ನೀಲಿ ಅಂಗಿಯನ್ನು ಬಕೆಟ್ಟಿನಲ್ಲಿ ನೆನೆಹಾಕಿದ್ದಳು. ಹೊಟ್ಟೆಯ ಭಾಗಕ್ಕೆ ಯಾವಾಗಲೂ ಸುಣ್ಣ ಮೆತ್ತಿರುತ್ತಿತ್ತು. ಮೊದಲ ವಾರವೇ ಕೇಳಿದ್ದಳು.

"ಗೆದ್ರೇನು?"

"ಗೆದ್ವಿ."

"ಇದೇನಿದು ಸುಣ್ಣ?"

ಮರಿಬಸಪ್ಪ ಅಂಗಿಯನ್ನೊಮ್ಮೆ ನೋಡಿದ, ಅವಳನ್ನೊಮ್ಮೆ ನೋಡಿದ. "ಗೆರಿ ಮ್ಯಾಲೆ ಬಿದ್ದು ಬಾಲ್ ಎತ್ತಿದೆ. ನಾ ಬೀಳದಿದ್ರ ಸೋಲತಿದ್ವಿ."

ಸೋಪಿಗೆ ಜಗ್ಗದ ಸುಣ್ಣ ಹುಣಸೆಹುಳಿ ನೀರಿಗೆ ಬಿಡುತ್ತದೆಂದು ಅವಳು ತಾನೇ ಕಂಡುಕೊಂಡಳು. ಹುಳಿ ಕಿವುಚಿ ಉಜ್ಜುವಾಗ ಸಣ್ಣ ಗುಳ್ಳೆಗಳು ಏಳುತ್ತಿದ್ದವು. ಅವನು ಹೊಸ್ತಿಲ ಮೇಲೆ ಕೂತು ಆಟದ ಒಂದೊಂದು ಪಾಯಿಂಟನ್ನೂ ಹೇಳುತ್ತಿದ್ದ. ಬಿರಿದ ಅವನ ಬೆರಳುಗಳಿಗೆ ಅವಳು ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದಳು. ಎದುರಾಳಿಗಳ ಹೊಡೆತ ತಡೆದು ತಡೆದು ಹಾಗಾಗಿವೆ ಅನ್ನುತ್ತಿದ್ದ. ಒಮ್ಮೆ ತಾನೂ ಬರುತ್ತೇನೆಂದಾಗ, "ಬ್ಯಾಡ, ಮಂದಿ ಕೆಟ್ಟ ಕೊಳಕ ಬೈತಾರ," ಅಂದಿದ್ದ.

\*

"ಅವ್ರಿಲ್ಲದ ಆಡಾಕ ಆಗಂಗಿಲ್ಲೇನು?" ಗುರುಬಸಮ್ಮ ಕೇಳಿದಳು. ಅವಳ ದನಿಯಲ್ಲಿ ಒಂದಿಷ್ಟು ಹೆಮ್ಮೆಯೂ ಇತ್ತು.

"ಆಟಕ್ಕಲ್ಲಕ್ಕ, ಲೆಕ್ಕಕ್ಕ. ಹೊರಗಿನವ್ರು ಮೂರು ಮಂದಿ ಆಡಬೇಕಂದ್ರ ತಾಲ್ಲೂಕಿನವ್ರು ಆರು ಮಂದಿ ಹಾಜರಿರಬೇಕು. ನಮಗಿರಾವ್ರs ಆರು, ಮರಿಬಸಣ್ಣನ್ನ ಹಿಡಿದು. ಒಬ್ಬ ಕಮ್ಮಿ ಬಿದ್ರ ಆ ಮೂರರಾಗಿನ ಭೀಮರಾಜನ್ನ ಹೊರಗ ಕುಂದ್ರಸಬೇಕು. ಅವನಿಲ್ಲದ ಸಿರುಗುಪ್ಪದವ್ರನ್ನ ಸೋಲಸಾಕ ಆಗಂಗಿಲ್ಲ. ಹೊಸ ಹೆಸರು ಈಗ ಸೇರಸಂಗಿಲ್ಲ. ಶಶಿ ಈ ಅಂಗಿ ಹಾಕ್ಕೊಂಡು, ಕಾರ್ಡ್ ತೋರಿಸಿ, ಅಣ್ಣನ ಹೆಸರಿಗೆ ಸಹಿ ಹಾಕಿದ್ರ ಮುಗೀತು. ಕಾರ್ಡಿನ ಫೋಟೋ ಹಳೇದು, ಥೇಟ್ ಶಶಿನs."

"ಸಿರುಗುಪ್ಪದವ್ರಿಗೆ ಗೊತ್ತಾಗಂಗಿಲ್ಲೇನು? ಹನ್ನೊಂದು ವರ್ಷ ಅವ್ರ ಎದುರಿಗೆ ಆಡ್ಯಾರ."

ಜಂಬುನಾಥನ ಹಿಂದೆ ನಿಂತಿದ್ದ ಹುಲುಗೇಶ್, ತಂಡದ ಹುಡುಗ, ಫಕ್ಕನೆ ನಕ್ಕ. "ಆಡಿದ್ದೆಲ್ಲಕ್ಕ? ಬೆಂಚಿನ ಮ್ಯಾಲೆ ಕುಂತಾವ್ನ ಮಾರಿ ಯಾರು ನೆನಪಿಟ್ಟಾರು?"

"ಲೇ, ಸುಮ್ಕಿರಲೇ," ಎಂದ ಜಂಬುನಾಥ. ಆದರೆ ಅಲ್ಲವೆನ್ನಲಿಲ್ಲ.

ಗುರುಬಸಮ್ಮ ಕತ್ತರಿಯನ್ನು ನೆಲಕ್ಕಿಟ್ಟಳು. ಅಂಗಿಯ ಹೊಟ್ಟೆಯ ಭಾಗವನ್ನು ಬೆರಳಿನಿಂದ ಸವರಿದಳು. ಉಜ್ಜಿ ಉಜ್ಜಿ ಅಲ್ಲಿ ಬಣ್ಣ ಮಾಸಿತ್ತು.

"ಒಮ್ಮಿನೂ ಆಡಿಲ್ಲೇನು?"

"ಅವನಿಗೆ ಆಟ ಬರತಿದ್ದಿಲ್ಲಕ್ಕ."

"ಹಂಗಾರ ಈ ಸುಣ್ಣ?"

"ಗೆರಿ ಹಾಕತಿದ್ದ. ಸುಣ್ಣದ ಪುಟ್ಟಿ ಹೊಟ್ಟಿಗೆ ಅವಚಿಕೊಂಡು, ಬಗ್ಗಿ, ಒಂದs ಉಸಿರಿಗೆ ಹಾಕಾವ. ಹಂಗ ನೆಟ್ಟಗ ಹಾಕಾವ್ರು ಜಿಲ್ಲಾದಾಗ ಇಲ್ಲ." ಹೊಗಳಿದೆನೆಂಬ ಸಮಾಧಾನದಲ್ಲಿ ಜಂಬುನಾಥ ಅಂಗಿಗೆ ಕೈ ಚಾಚಿದ.

ಅವಳು ಕೊಡಲಿಲ್ಲ. ಗಂಡನ ಮುಖ ನೋಡಿದಳು. ಹಣೆಯ ವಿಭೂತಿ ಬಿರುಕು ಬಿಟ್ಟಿತ್ತು. ಕಣ್ಣುಗಳು ಅರೆ ಮುಚ್ಚಿದ್ದವು. ಸುಳ್ಳು ಹೇಳಿ ಸಿಕ್ಕಿಬಿದ್ದವನಂತೆ ಕಾಣುತ್ತಿರಲಿಲ್ಲ.

"ಒಂದು ಸರ್ವೀಸ್ ಆದ್ರೂ ಮಾಡಸ್ರಿ," ಎಂದಳು. "ಅವ್ರ ಹೆಸರು ಮೈಕಿನಾಗ ಬರಬೇಕು. ಆಡಾಕ ಇಳದಾರ ಅಂತ ಬರಬೇಕು. ಅಲ್ಲಿ ಹೇಳಿದ್ದು ರುದ್ರಭೂಮಿಗೆ ಕೇಳಸ್ತೈತಿ."

"ಅಷ್ಟs ಏನು? ಮಾಡಸ್ತೀನಿ. ಆಣಿ."

"ಮೊದಲ ಮಣ್ಣು ಕೊಡಾವ್ರು ಯಾರ್ರೀ ಹಂಗಾರ?" ದಾಕ್ಷಾಯಣಿ ಕೇಳಿದಳು.

"ಸಹಿ ಮಾಡಿ ಒಂದು ಸರ್ವೀಸ್ ಹೊಡದ ಕೂಡಲೇ ಕಳಸ್ತೀನಿ." ಅವಳು ಕೊಟ್ಟ ಅಂಗಿ, ಕಾರ್ಡು ಹಿಡಿದು ಜಂಬುನಾಥ ಎದ್ದ. ಬಾಗಿಲಲ್ಲಿ ತಿರುಗಿ ದನಿ ತಗ್ಗಿಸಿದ. "ಅಕ್ಕ, ಭಜನಿ ಬ್ಯಾಡ. ಸಿರುಗುಪ್ಪದವ್ರು ಬಸ್‌ಸ್ಟ್ಯಾಂಡಿನಾಗ ಚಾ ಕುಡಿಯಾಕತ್ಯಾರ. ಹಿಂದಿನ ದಾರ್‍ಯಾಗ ಒಯ್ರಿ. ಯಾರರ ಕೇಳಿದ್ರ ಬ್ಯಾರೆ ಯಾರೋ ಮುದುಕರು ಅನ್ರಿ."

\*

ಮೈದಾನಕ್ಕೂ ರುದ್ರಭೂಮಿಗೂ ನಡುವೆ ಒಂದೇ ಗೋಡೆ. ಅದರಲ್ಲೂ ಎರಡಾಳು ಅಗಲ ಬಿದ್ದುಹೋಗಿತ್ತು. ನಾಲ್ಕು ಗಂಟೆಗೆ ಸರಿಯಾಗಿ ಮರಿಬಸಪ್ಪನನ್ನು, ಭಜನೆಯಿಲ್ಲದೆ, ಹತ್ತು ಮಂದಿ ಹೊತ್ತು ತಂದರು. ಗುಂಡಿಯೊಳಗೆ ಇಳಿಸಿ, ಕಾಲು ಮಡಚಿದ್ದಂತೆಯೇ ಕೂರಿಸಿದರು. ಎಡಗೈಗೆ ಲಿಂಗವಿಟ್ಟರು. ಅಯ್ಯನವರು ಬರಿಯ ಎದೆಗೂ ಹೊಟ್ಟೆಗೂ ವಿಭೂತಿ ಬಳಿದರು, ಸುತ್ತ ಪತ್ರೆ ಸುರಿದರು.

"ಮಣ್ಣು ಕೊಡಾವ್ರು ಬರ್ರಿ."

"ಒಂದಿಷ್ಟು ತಡೀರಿ, ಅಯ್ಯಾರ," ಎಂದಳು ಗುರುಬಸಮ್ಮ.

ಗೋಡೆಯಾಚೆ ಶಿಳ್ಳೆ ಮೊಳಗಿತು. ಮೈಕಿನವನು ಹೆಸರು ಹೇಳತೊಡಗಿದ. ಭೀಮರಾಜ ಹೊಡೆದ, ಪಾಯಿಂಟ್ ಕುರುಗೋಡಿಗೆ. ಮತ್ತೆ ಭೀಮರಾಜ. ಮೊದಲ ಸೆಟ್ ಕುರುಗೋಡಿಗೆ ಬಂತು, ಎರಡನೆಯದು ಸಿರುಗುಪ್ಪಕ್ಕೆ ಹೋಯಿತು, ಮೂರನೆಯದು ಕುರುಗೋಡಿಗೆ, ನಾಲ್ಕನೆಯದು ಮತ್ತೆ ಅತ್ತ. ಹೊತ್ತವರಲ್ಲಿ ನಾಲ್ವರು ಬೀಡಿ ಹಚ್ಚುವ ನೆಪದಲ್ಲಿ ಗೋಡೆಯ ಬಳಿ ಹೋದವರು ಹಿಂದಿರುಗಲಿಲ್ಲ. ಗುದ್ದಲಿ ಹಿಡಿದ ಮಾರೇಶನ ಕಿವಿಯೂ ಅತ್ತಲೇ ಇತ್ತು.

"ಹೊತ್ತು ಮುಳುಗಾಕತ್ತೈತಿ ತಾಯಿ," ಅಯ್ಯನವರು ಬೇಸರದಿಂದ ಹೇಳಿದರು. "ಯಾರನ್ನ ಕಾಯಾಕತ್ತೀರಿ?"

"ಒಂದು ಹೆಸರು ಕೇಳಬೇಕ್ರೀ."

ಕೊನೆಯ ಸೆಟ್ಟಿಗೆ ಮುಂಚೆ ಸದ್ದು ಅಡಗಿತು. ಯಾರೋ ಮೈಕನ್ನು ಎರಡು ಸಲ ತಟ್ಟಿದರು.

"ಕುರುಗೋಡು ತಂಡದ ಹನ್ನೆರಡನೇ ನಂಬರ್, ಮರಿಬಸಪ್ಪ ಅವರು..."

ಗುರುಬಸಮ್ಮ ಎದ್ದು ನಿಂತಳು. ಸೆರಗನ್ನು ತಲೆಯ ಮೇಲೆ ಸರಿಮಾಡಿಕೊಂಡಳು.

"...ಬೇಗ ಅಂಕಣಕ್ಕೆ ಬರಬೇಕು. ಗೆರೆಗಳೆಲ್ಲ ಅಳಿಸಿಹೋಗಿವೆ. ಸುಣ್ಣದ ಪುಟ್ಟಿ ತಗೊಂಡು ಬನ್ನಿ. ಮರಿಬಸಪ್ಪ, ಎದ್ದೇಳ್ರೀ, ಎಷ್ಟೊತ್ತು ಕುಂತಿರ್ತೀರಿ?"

ಮೈದಾನದ ತುಂಬ ನಗು ಎದ್ದಿತು. ಗೋಡೆಯ ಬಳಿಯಿದ್ದ ನಾಲ್ವರೂ ನಕ್ಕರು.

ಗೋಡೆ ಬಿದ್ದುಹೋದ ಕಡೆಯಿಂದ ನೀಲಿ ಅಂಗಿಯೊಂದು ಕಾಣಿಸಿತು. ಶಶಿಕಾಂತ್ ಪುಟ್ಟಿಯನ್ನು ಹೊಟ್ಟೆಗೆ ಅವಚಿಕೊಂಡು, ಬಗ್ಗಿ, ಹಿಮ್ಮೆಟ್ಟಿ ನಡೆಯುತ್ತಿದ್ದ. ಅವನ ಗೆರೆ ಸೊಟ್ಟಗೆ ಹೋಗುತ್ತಿತ್ತು. ಜಂಬುನಾಥ ಕೈಬೀಸಿ ಅವನಿಗೆ ಬೈಯುತ್ತಿದ್ದ.

ಗುರುಬಸಮ್ಮ ಬಗ್ಗಿ ಒಂದು ಹಿಡಿ ಮಣ್ಣು ತೆಗೆದುಕೊಂಡಳು. ಗುಂಡಿಯಲ್ಲಿ ಮರಿಬಸಪ್ಪ ಕೂತಿದ್ದ, ಹೊಟ್ಟೆಯ ಮೇಲೆಲ್ಲ ಬಿಳುಪು. ಅವಳು ಅದನ್ನೇ ನೋಡುತ್ತ ಮೊದಲ ಮಣ್ಣು ಹಾಕಿದಳು.