ಫ್ರೇಮಿನಿಂದ ಆಚೆ

ಎಡಿಟರ್ ಫೋನ್ ಮಾಡಿ, "ನದಿ ಶಾಟ್‌ಗಳು ಅದ್ಭುತವಾಗಿವೆ ಮೇಡಂ, ಸಿನಿಮಾದಲ್ಲಿ ಹಾಕ್ಕೋಬಹುದಾ?" ಎಂದು ಕೇಳಿದಾಗ ಭಾವ ಸತ್ತು ಇಪ್ಪತ್ತೆರಡು ದಿನವಾಗಿತ್ತು. ಯಾವ ನದಿ ಶಾಟು ಎಂದೆ. ನೀವು ಕೊಟ್ಟ ಮೆಮೊರಿ ಕಾರ್ಡಿನಲ್ಲೇ ಇವೆಯಲ್ಲ, ಸಂಜೆ ಬೆಳಕಿನವು ಎಂದ. ಭಾವನನ್ನು ಹುಡುಕಲು ಡ್ರೋನ್ ಹಾರಿಸಿದಾಗ ದಾಖಲಾದ ದೃಶ್ಯಗಳು ಅವು. ಬಾಯಿಗೆ ಬಂದಂತೆ ಬೈದು ಫೋನ್ ಇಟ್ಟೆ. ಪಾಪ, ಅವನಿಗೆ ವಿಷಯವನ್ನೇ ಯಾರೂ ಹೇಳಿರಲಿಲ್ಲವಂತೆ. ಇರಲಿ, ಬೈದದ್ದಕ್ಕೆ ನನಗೇನೂ ಬೇಸರವಿಲ್ಲ.

ನಮ್ಮದು ಮೂರು ಜನರ ತಂಡ. ಸಿನಿಮಾದವರ ಡ್ರೋನ್ ಎಂದರೆ ಅಂಗಡಿಯಲ್ಲಿ ಸಿಗುವ ಆಟಿಕೆಯಲ್ಲ. ಎಂಟು ರೆಕ್ಕೆ, ಹೊಟ್ಟೆಯಡಿ ದೊಡ್ಡ ಕ್ಯಾಮೆರಾ, ಎಲ್ಲ ಸೇರಿ ಎರಡು ವರ್ಷದ ಮಗುವಿನಷ್ಟು ಭಾರ. ಹಾರಿಸುವುದು ಒಬ್ಬರ ಕೆಲಸ, ಕ್ಯಾಮೆರಾ ತಿರುಗಿಸುವುದು ಇನ್ನೊಬ್ಬರದು. ಹಾರಿಸುವವರನ್ನು ನಾವು ಡಾಕ್ಟರು ಎಂದು ಕರೆಯುತ್ತೇವೆ. ಮೇಲೇರಿಸುವ ಮುಂಚೆ ಒಂದೊಂದು ರೆಕ್ಕೆಯನ್ನೂ ನಾಡಿ ಹಿಡಿದಂತೆ ಮುಟ್ಟಿ ನೋಡದಿದ್ದರೆ ಅವರಿಗೆ ಸಮಾಧಾನವಿಲ್ಲ. ಅವರ ದೃಷ್ಟಿ ಸದಾ ಆಕಾಶದಲ್ಲಿರುವ ಯಂತ್ರದ ಮೇಲೆ. ಕ್ಯಾಮೆರಾಗೆ ಏನು ಕಾಣುತ್ತದೆ ಎಂಬುದು ಪರದೆ ಹಿಡಿದ ನನಗೊಬ್ಬಳಿಗೇ ಗೊತ್ತು. ಮೂರನೆಯವರು ನನ್ನ ಅಕ್ಕನ ಗಂಡ. ಕಿತ್ತಳೆ ಬಣ್ಣದ ಜಾಕೆಟ್ ತೊಟ್ಟು ದೂರದಲ್ಲಿ ನಿಂತು, ತಂತಿ ಇದೆ, ಹಕ್ಕಿ ಬಂತು ಎಂದು ವಾಕಿಟಾಕಿಯಲ್ಲಿ ಎಚ್ಚರಿಸುವುದು ಅವರ ಪಾಲಿನ ಕೆಲಸ. ಬೇಡ ಬೇಡ ಎನ್ನುತ್ತಿದ್ದವರನ್ನು ಈ ಕಸುಬಿಗೆ ಎಳೆದು ತಂದವಳು ನಾನೇ.

ಆ ದಿನ ಬತ್ತಿದ ನದಿಯ ಬಂಡೆಗಳ ನಡುವೆ ಶೂಟಿಂಗ್ ಇತ್ತು. ಅಣೆಕಟ್ಟಿನವರು ಹೇಳಿದ ಹೊತ್ತಿಗಿಂತ ಮೊದಲೇ, ನಾಲ್ಕು ಗಂಟೆಗೆ, ನೀರು ಬಿಟ್ಟರು. ನಾವೆಲ್ಲ ಬಿದ್ದು ಎದ್ದು ದಡ ಸೇರಿದೆವು. ಕೆಳಗಿನ ತಿರುವಿನಲ್ಲಿ ನಿಂತಿದ್ದ ಭಾವ ಸೇರಲಿಲ್ಲ. ಅವರ ವಾಕಿಟಾಕಿ ಒಮ್ಮೆ ಕರಕರ ಎಂದು ಸುಮ್ಮನಾಯಿತು. ರಕ್ಷಣಾ ದೋಣಿಗಳು ಬರಲು ಒಂದೂವರೆ ಗಂಟೆಯಾದರೂ ಬೇಕಿತ್ತು. ಅಲ್ಲಿಯವರೆಗೆ ನಮ್ಮ ಡ್ರೋನೇ ಗತಿ.

"ಕೈ ನಡುಗ್ತಿದ್ಯಾ?" ಎಂದು ಡಾಕ್ಟರು ಕೇಳಿದರು.

"ಇಲ್ಲ, ಹಾರಿಸಿ."

ನಿಜಕ್ಕೂ ನಡುಗುತ್ತಿರಲಿಲ್ಲ. ಹತ್ತು ವರ್ಷ ಪಳಗಿದ ಕೈ ಅದು. ಮೂರು ಸಲ ಬ್ಯಾಟರಿ ಬದಲಿಸಿ ಮೂರು ಸಲ ಹಾರಿಸಿದೆವು. ಕಣ್ಣಲ್ಲಿ ಕಣ್ಣಿಟ್ಟು ನೀರನ್ನು ನೋಡಿದೆ. ದೋಣಿಯವರು ಬಂದು, "ತಿರುವಿನಿಂದ ಕೆಳಗಡೆ ಏನಾದ್ರೂ ಕಾಣ್ತಾ?" ಎಂದಾಗ, "ಪೂರ್ತಿ ನೋಡಿದೀನಿ, ಅಲ್ಲಿ ಯಾರೂ ಇಲ್ಲ" ಎಂದೆ. ನನ್ನ ಮಾತು ನಂಬಿ ಅವರು ತಿರುವಿನ ಹತ್ತಿರವೇ ಹುಡುಕಿದರು. ಏಳಕ್ಕೆ ಇನ್ನೊಮ್ಮೆ ನೀರು ಏರಿತು, ದೋಣಿಗಳು ವಾಪಸಾದವು. ಮರುದಿನ ಬೆಳಿಗ್ಗೆ ಎರಡು ಕಿಲೋಮೀಟರ್ ಕೆಳಗೆ ಭಾವ ಸಿಕ್ಕರು. ಮೊದಲ ನೀರಿಗೇ ಹೋಗಿದ್ದಾರೆ, ಏನಾಯಿತು ಎಂದು ಅವರಿಗೆ ಗೊತ್ತೂ ಆಗಿರುವುದಿಲ್ಲ ಎಂದು ಬಂದವರೆಲ್ಲ ಅಕ್ಕನಿಗೆ ಹೇಳಿದರು. ಹೇಳಿದವರಲ್ಲಿ ನಾನೂ ಒಬ್ಬಳು.

ಎಡಿಟರ್ ಫೋನ್ ಬಂದ ಮೇಲೆ ಕಾರ್ಡಿನ ಪ್ರತಿಯನ್ನು ಮನೆಯ ದೊಡ್ಡ ಪರದೆಗೆ ಹಾಕಿದೆ. ಅವನು ಹೇಳಿದ್ದು ಸುಳ್ಳಲ್ಲ. ಹೆಣ ಹುಡುಕುವಾಗಲೂ ನಾನು ದಿಗಂತವನ್ನು ನೇರವಾಗಿ ಇಟ್ಟಿದ್ದೆ, ಬಂಡೆಗಳನ್ನು ಒಪ್ಪವಾಗಿ ಜೋಡಿಸಿದ್ದೆ. ನನ್ನ ಮೇಲೇ ಹೇಸಿಗೆಯಾಯಿತು. ಮೂರನೆಯ ಹಾರಾಟ, ಐದೂ ಕಾಲು ಗಂಟೆ. ಡಾಕ್ಟರು ಯಾವುದೋ ತಂತಿ ಕಂಡು ಡ್ರೋನನ್ನು ಒಂದೇ ಕಡೆ ನಿಲ್ಲಿಸಿದ್ದರು. ಚಿತ್ರದ ಎಡ ಅಂಚಿನಲ್ಲಿ, ತಿರುವಿನಿಂದ ಕೆಳಗೆ ನೀರಿನ ನಡುವಿನ ಪೊದೆಗಳ ದಿಬ್ಬದ ಮೇಲೆ, ಕಿತ್ತಳೆ ಬಣ್ಣ.

ಭಾವ ಎರಡೂ ಕೈ ಎತ್ತಿ ಬೀಸುತ್ತಿದ್ದರು. ಹನ್ನೊಂದು ಸೆಕೆಂಡು ಅವರು ಚಿತ್ರದಲ್ಲಿದ್ದರು. ಆಮೇಲೆ ಕ್ಯಾಮೆರಾ ಮೆಲ್ಲಗೆ, ಬಹಳ ನಾಜೂಕಾಗಿ ಬಲಕ್ಕೆ ಸರಿದು ಅವರನ್ನು ಆಚೆ ಹಾಕಿತು. ಕ್ಯಾಮೆರಾ ತಾನಾಗಿ ಸರಿಯುವುದಿಲ್ಲ. ಸರಿಸಿದವಳು ನಾನು.

ನಮ್ಮ ಕಸುಬಿನಲ್ಲಿ ಫ್ರೇಮಿನೊಳಗೆ ಜಾಕೆಟ್ ಕಂಡರೆ ಶಾಟ್ ಕೆಟ್ಟಂತೆ. ತಂಡದವರು ಅಂಚಿನಲ್ಲಿ ಇಣುಕಿದರೆ ಮನಸ್ಸಿಗಿಂತ ಮೊದಲು ಕೈ ಅವರನ್ನು ತಪ್ಪಿಸುತ್ತದೆ. "ಭಾವ, ಆಚೆ ಹೋಗಿ, ಕಾಣ್ತಿದೀರಾ!" ಎಂದು ಸಾವಿರ ಸಲ ಕೂಗಿದ್ದೇನೆ. ಅಂದು ನನ್ನ ಬುದ್ಧಿಯೆಲ್ಲ ನೀರಿನಲ್ಲಿ ತೇಲುವ ದೇಹವನ್ನು ಹುಡುಕುತ್ತಿತ್ತು. ನಿಂತ ಮನುಷ್ಯನನ್ನು ಕೈ ತನ್ನ ಪಾಡಿಗೆ ಒರೆಸಿಹಾಕಿತು.

ಡಾಕ್ಟರಿಗೆ ತೋರಿಸಿದೆ. "ಅಳಿಸಿಬಿಡು," ಎಂದರು. "ನಿಮ್ಮಕ್ಕ ಈಗಷ್ಟೇ ಎರಡು ತುತ್ತು ತಿಂತಿದಾಳೆ. ಇದನ್ನ ನೋಡಿ ಅವಳಿಗೇನು ಸಿಗುತ್ತೆ?"

"ನಂಗೆ ಈ ಸುಳ್ಳು ಹೊತ್ಕೊಂಡು ಅವಳ ಮುಂದೆ ಕೂರಕ್ಕಾಗಲ್ಲ."

"ಅದು ನಿನ್ನ ಸಮಾಧಾನಕ್ಕೆ, ಅವಳ ಸಮಾಧಾನಕ್ಕಲ್ಲ," ಎಂದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಆದರೂ ಮೈ ಉರಿಯಿತು, ಎದ್ದು ಬಂದೆ.

ಅಕ್ಕ ಬಟ್ಟೆ ಹೊಲಿಯುವ ಕೋಣೆಯಲ್ಲಿದ್ದಳು. ಯಾರದೋ ಪ್ಯಾಂಟಿನ ಅಂಚಿನ ಹೊಲಿಗೆ ಬಿಚ್ಚುತ್ತಿದ್ದಳು. ಕತ್ತರಿ, ದಾರದುಂಡೆಗಳನ್ನು ಸರಿಸಿ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟು, ನಡೆದದ್ದನ್ನು ಒಂದೇ ಉಸಿರಿಗೆ ಹೇಳಿ ದೃಶ್ಯ ಹಾಕಿದೆ. ಅವಳು ಕೂಗಾಡುತ್ತಾಳೆ, ಕೆನ್ನೆಗೆ ಬಾರಿಸುತ್ತಾಳೆ ಎಂದುಕೊಂಡಿದ್ದೆ. ಬಾರಿಸಲಿ ಎಂದೇ ಬಂದಿದ್ದೆ. ಅವಳು, "ಇನ್ನೊಂದ್ಸಲ ಹಾಕು," ಎಂದಳು. ಹಾಕಿದೆ. ಮೂರನೆಯ ಸಲ ಬೆರಳಿಟ್ಟು ತೋರಿಸಿದಳು.

"ಇಲ್ಲಿ ಕೈ ಯಾಕೆ ಇಳಿಸಿದ್ರು?"

ನಾನು ಅದನ್ನು ಗಮನಿಸಿರಲಿಲ್ಲ. ಏಳನೆಯ ಸೆಕೆಂಡಿಗೆ ಭಾವ ಕೈ ಬೀಸುವುದನ್ನು ನಿಲ್ಲಿಸಿದ್ದರು. ನೇರವಾಗಿ ಕ್ಯಾಮೆರಾ ನೋಡಿ ಹೆಬ್ಬೆರಳು ಎತ್ತಿದ್ದರು. ಆಮೇಲೆ ದಿಬ್ಬದ ಮೇಲೆ ಕೂತುಕೊಂಡರು.

"ಅದೇನು ಸನ್ನೆ?" ಎಂದಳು ಅಕ್ಕ.

"ಗೊತ್ತಾಯ್ತು ಅಂತ. ನಾನು ಆಚೆ ಹೋಗಿ ಅಂದಾಗೆಲ್ಲ ಹಾಗೇ ತೋರಿಸಿ ಕೂತ್ಕೋತಿದ್ರು. ಡ್ರೋನ್ ನಿಂತಿತಲ್ಲ, ನಾನು ನೋಡಿದೆ ಅಂದ್ಕೊಂಡಿದಾರೆ."

ಅಕ್ಕ ಪರದೆಯನ್ನು ಹತ್ತಿರಕ್ಕೆ ಎಳೆದುಕೊಂಡಳು. ದಿಬ್ಬಕ್ಕೂ ದಡಕ್ಕೂ ನಡುವಿನ ನೀರಿನ ಮೇಲೆ ಬೆರಳಾಡಿಸಿದಳು.

"ಇದೆಷ್ಟು ದೂರ?"

"ನಲವತ್ತು ಮೀಟರ್ ಇರಬಹುದು."

"ಈಜಿ ಬಂದ್ಬಿಡ್ತಿದ್ರು ಕಣೇ," ಎಂದಳು. "ಇಷ್ಟು ದೂರ ಆರಾಮಾಗಿ ಈಜ್ತಿದ್ರು. ನೀರೂ ಇಳಿದಿದೆ ಇಲ್ಲಿ ನೋಡು. ನೀನು ಬರ್ತೀಯ ಅಂತ ಏಳು ಗಂಟೆಗೆ ಮತ್ತೆ ನೀರು ಬರೋವರೆಗೂ ಕೂತೇ ಇದ್ರಾ?"

ಹೌದು ಎಂದೆ.