ಬೋರಿನ ಗಂಟಲಲ್ಲಿ ಸುಣ್ಣ

ಕಾವಿನ ಕೋಣೆಯಲ್ಲಿದ್ದ ಕೋಳಿಮೊಟ್ಟೆಗಳು ಇಂದೋ ನಾಳೆಯೋ ಒಡೆಯಬೇಕಿದ್ದವು. ಕೋಣೆಯನ್ನು ಬೆಚ್ಚಗಿಡುತ್ತಿದ್ದದ್ದು ಹಿತ್ತಿಲಿನ ಬಿಸಿನೀರಿನ ಬೋರು. ನೆಲದಾಳದಿಂದ ತಾನಾಗಿಯೇ ಉಕ್ಕುವ ಆ ನೀರು, ಏರುತ್ತ ಏರುತ್ತ ಕುದಿಯತೊಡಗುವ ಜಾಗದಲ್ಲಿ ಸುಣ್ಣ ಬಿಡುತ್ತದೆ. ವರ್ಷಗಟ್ಟಲೆ ಪದರು ಪದರಾಗಿ ಕಟ್ಟಿದ ಸುಣ್ಣ ಕೊಳವೆಯನ್ನು ಮುಷ್ಟಿಯೂ ತೂರದಷ್ಟು ಕಿರಿದು ಮಾಡಿತ್ತು. ಮರಿ ಹೊರಬರುವ ತನಕ ತಡೆಯೋಣವೆಂದರೆ ಬೋರು ಅದಕ್ಕೂ ಮೊದಲೇ ಮುಚ್ಚಿಹೋಗುವ ಹಾಗಿತ್ತು. ಅಕ್ಕ, ಬೋರು ಕೊರೆಯುವ ತಮ್ಮನನ್ನು ಕರೆಸಿದಳು.

"ನೀರು ಪೂರಾ ಕಾಲುವೆಗೇ ಹೋಗ್ಲಿ ಅಕ್ಕಾ," ಎಂದ ಅವನು, ರಾಡು ಇಳಿಸುವ ಮೊದಲು. "ಕೆರೆದ ಚೂರನ್ನ ಮೇಲಕ್ಕೆ ಹೊತ್ತು ತರೋದು ಅದೇ. ರಭಸ ತಗ್ಗಿತೋ, ಚೂರೆಲ್ಲ ರಾಡಿನ ತುದೀಲಿರೋ ಬಿಟ್ ಮೇಲೇ ಕೂತು ಅದನ್ನ ಕಚ್ಕೊಳ್ತವೆ. ಕೋಣೆ ಕಡೆ ನೀರು ತಿರುಗಿಸೋ ಆ ವಾಲ್ವ್ ಮುಟ್ಬೇಡ."

"ನಿನ್ನ ಭಾವಂಗೆ ಹೇಳು. ಕೈ ಸುಮ್ನಿರದವರು ಅವರು."

ರಾಡು ತಿರುಗಿಸುವ ಇಂಜಿನ್ನಿನ ಬಳಿಯಿದ್ದ ಅಕ್ಕನ ಗಂಡ ನಕ್ಕ. "ಮದ್ವೆ ಆದಾಗಿಂದ ಇವಳನ್ನ ಕೇಳದೆ ಒಂದು ಕಡ್ಡೀನೂ ಅಲ್ಲಾಡಿಸಿಲ್ಲಪ್ಪ ನಾನು!"

ಮಧ್ಯಾಹ್ನದ ಹೊತ್ತಿಗೆ ಕಾಲುವೆಯ ನೀರು ಅಕ್ಕಿ ತೊಳೆದಂತೆ ಬೆಳ್ಳಗೆ ಹರಿಯುತ್ತಿತ್ತು. ಕೋಣೆಯೊಳಗೆ ಅಕ್ಕ ಮೊಟ್ಟೆಗಳನ್ನು ಕೆನ್ನೆಗೆ ಒತ್ತಿ ನೋಡಿದಳು. ಬಿಸಿ ಇಳಿದಿತ್ತು. ಒಂದರೊಳಗೆ ಮರಿ ಕುಟುಕುವುದು ಕೇಳಿಸಿತು. ಆಮೇಲೆ ಅದೂ ನಿಂತಿತು. ಅವಳಿಂದ ತಡೆಯಲಾಗಲಿಲ್ಲ. ಒಂದು ಗಳಿಗೆ ಅಷ್ಟೇ ಎಂದುಕೊಂಡು ವಾಲ್ವನ್ನು ಕೋಣೆಯ ಕಡೆಗೆ ಅರ್ಧ ತಿರುಗಿಸಿಬಿಟ್ಟಳು.

ಇಂಜಿನ್ನು ನರಳಿತು. ರಾಡು ತಿರುಗುವುದು ನಿಂತಿತು.

"ಆಫ್ ಮಾಡಿ ಭಾವಾ, ಆಫ್ ಮಾಡಿ!" ತಮ್ಮ ಕಿರುಚಿದ. ಕಾಲುವೆಯಲ್ಲಿ ನೀರು ಅರ್ಧಕ್ಕೆ ಇಳಿದಿತ್ತು. "ಯಾರು ವಾಲ್ವ್ ಮುಟ್ಟಿದ್ದು?"

ಭಾವ ಎರಡೂ ಕೈ ಎತ್ತಿ ತೋರಿಸಿದ. ಯಾರೂ ನಗಲಿಲ್ಲ.

"ನಾನೇ ಕಣೋ," ಎಂದಳು ಅಕ್ಕ. "ಎಳೆದ್ರೆ ಬರಲ್ವಾ?"

"ಎಳೆದ್ರೆ ರಾಡು ತುಂಡಾಗುತ್ತೆ. ಆಮೇಲೆ ಈ ಬೋರನ್ನ ಮರ್ತುಬಿಡು. ನೀರು ಪೂರಾ ಕಾಲುವೆಗೇ ಬಿಟ್ಟು ಕಾಯ್ಬೇಕು. ಎಷ್ಟೊತ್ತೋ ಗೊತ್ತಿಲ್ಲ."

"ಮೊಟ್ಟೆ?"

ತಮ್ಮ ರಾಡಿನ ಕಡೆಗೆ ತಿರುಗಿದ.

ಅಕ್ಕ ತಾನೇ ವಾಲ್ವನ್ನು ಕಾಲುವೆಗೆ ತಿರುಗಿಸಿದಳು. ನೀರು ಹಬೆಯೆಬ್ಬಿಸುತ್ತ ನುಗ್ಗಿತು. ಹಬೆಯನ್ನೇ ನೋಡುತ್ತ ನಿಂತವಳು ತಟ್ಟನೆ ತಿರುಗಿದಳು. "ರೀ, ಆ ಹಲಗೆಗಳನ್ನ ತನ್ನಿ. ಬಾಯಿ ಬಿಟ್ಕೊಂಡು ಏನು ನೋಡ್ತೀರಿ!"

ಕಾಲುವೆಗೆ ಅಡ್ಡಲಾಗಿ ಹಲಗೆ ಹಾಕಿ, ಮೊಟ್ಟೆಯ ತಟ್ಟೆಗಳನ್ನು ಅದರ ಮೇಲೆ ಜೋಡಿಸಿ, ಕಂಬಳಿ ಹೊದಿಸಿದರು. ಹಲಗೆ ತಗ್ಗಿದರೆ ಮೊಟ್ಟೆ ಬೇಯುತ್ತಿತ್ತು, ಎತ್ತರವಾದರೆ ಆರುತ್ತಿತ್ತು. ಅಕ್ಕ ಕಂಬಳಿಯೊಳಗೆ ಕೈಯಿಟ್ಟು ಹೇಳಿದಂತೆ ಗಂಡ ಹಲಗೆಯಡಿಗೆ ಇಟ್ಟಿಗೆ ಇಡುತ್ತ, ತೆಗೆಯುತ್ತ ಓಡಾಡಿದ.

"ಕಾವಿಗೆ ಕೂತ ಕೋಳಿ ಥರಾನೇ ಇದ್ದೀಯ," ಎಂದ ಗಂಡ.

"ಹತ್ರ ಬಂದ್ರೆ ಕುಕ್ತೀನಿ."

ಬಿಸಿಲು ವಾಲಿತು. ತಮ್ಮ ದೊಡ್ಡ ಪಾನಾ ಹಾಕಿ ರಾಡನ್ನು ಅತ್ತ ಇಷ್ಟು, ಇತ್ತ ಇಷ್ಟು ತಿರುವುತ್ತಲೇ ಇದ್ದ. ಅದು ಕದಲಲಿಲ್ಲ. ಕದಲಲೇ ಇಲ್ಲ. ಆಮೇಲೆ ಒಮ್ಮೆಲೇ ಸಡಿಲಾಗಿ ಅವನು ಮುಗ್ಗರಿಸಿದ. ಸುಣ್ಣದ ಹಕ್ಕಳೆಗಳು ನೀರಿನೊಂದಿಗೆ ದಬದಬ ಹೊರಬಿದ್ದವು.

"ಬಿಟ್ಕೊಳ್ತು ಅಕ್ಕಾ!"

ಅಕ್ಕ ಕಂಬಳಿಯ ಅಂಚನ್ನು ಎತ್ತಿ ನೋಡುತ್ತಿದ್ದಳು.

"ತುದಿ ತಟ್ಟೆ ಹೋಯ್ತು ಕಣೋ, ತಣ್ಣಗಿದೆ," ಎಂದಳು. ಆ ತಟ್ಟೆಯನ್ನು ಕೆಳಗಿಳಿಸಿ, ಉಳಿದವುಗಳ ಮೇಲೆ ಕಂಬಳಿಯನ್ನು ಇನ್ನಷ್ಟು ಬಿಗಿಯಾಗಿ ಎಳೆದಳು. "ನಡುವಿನವು ಬಿರೀತಿವೆ. ನೀನು ಕೆರಿ."