ಹಸಿರು ನೂಲಿನ ಫಿಲ್ಟರ್

ಬಿಳಿಗೆರೆಯ ರೇಣುಕಪ್ರಸಾದ್ ಪಿಕಪ್ ಕೊಂಡಾಗ ಊರಿಗೆಲ್ಲ ಹೇಳಿದ್ದು ಕಾಯಿ, ಕೊಬ್ಬರಿ ಸಾಗಿಸೋದಕ್ಕೆ ಎಂದು. ಹೆಂಡತಿಗೆ ಹೇಳಿದ್ದು ಮಾತ್ರ ಬೇರೆ. "ಎಸಿ ಇರೋದ್ನೇ ತಗೊಂಡಿದ್ದೀನಿ ಕಣೇ. ಕೊಬ್ಬರಿಗೇನು ಸೆಕೆ ಆಯ್ತದಾ? ನಿನಗೇ ಅದು." ಎರಡೂ ನಿಜವೇ. ಆದರೆ ಈಗ ಒಂದು ವರ್ಷದಿಂದ ಆ ಎಡಗಡೆ ಸೀಟಿನಲ್ಲಿ ಕೂತು ತಣ್ಣನೆ ಗಾಳಿ ಕುಡಿಯುತ್ತಿದ್ದವು ಖಾಲಿ ಗೋಣಿಚೀಲಗಳು. ಗಿರಿಜಾಂಬಿಕಾ ಎಲ್ಲಿಗೆ ಹೋದರೂ ಬಸ್ಸಿನಲ್ಲೇ ಹೋಗುತ್ತಿದ್ದಳು.

ಕಾರಣ ಸೀನು. ಪಿಕಪ್ ಹತ್ತಿ ಎಸಿ ಹಾಕಿದರೆ ಸಾಕು, ಅವಳಿಗೆ ಸೀನು ಶುರುವಾಗುತ್ತಿತ್ತು. ಒಂಟಿ ಸೀನು ಅಪಶಕುನ, ಜೋಡಿ ಸೀನಾದರೆ ಪರವಾಗಿಲ್ಲ ಅನ್ನುತ್ತಾರೆ. ನಿಲ್ಲದೇ ಬರುವ ಸೀನಿಗೆ ಯಾವ ಶಾಸ್ತ್ರದಲ್ಲೂ ಜಾಗವಿಲ್ಲ. ಹೋದ ವರ್ಷ ತುರುವೇಕೆರೆಯ ಚಿಕ್ಕಪ್ಪನ ಮನೆಯ ನಾಮಕರಣಕ್ಕೆ ಇದೇ ಗಾಡಿಯಲ್ಲಿ ಹೋಗಿ ಇಳಿದವಳು ತೊಟ್ಟಿಲ ಮುಂದೆ ಜೋಗುಳಕ್ಕೆಂದು ಬಾಯಿ ತೆರೆದರೆ ಬಂದದ್ದು ಸೀನು, ಅದರ ಹಿಂದೆ ಇನ್ನೊಂದು, ಮತ್ತೊಂದು. ಮಗು ಬೆಚ್ಚಿ ಕಿರುಚಿತು. ಹೆಂಗಸರು ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕರು. ಸಾಲದ್ದಕ್ಕೆ, ಮಗುವಿಗೆಂದು ತಾನೇ ಹೆಣೆದು ಹಿಂದಿನ ದಿನವೇ ಗಾಡಿಯ ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಇಟ್ಟಿದ್ದ ಹಸಿರು ಉಲ್ಲನ್ ಕುಲಾವಿಯೂ ಮಾಯವಾಗಿತ್ತು. "ನೀವೇ ಎಲ್ಲೋ ಬೀಳ್ಸಿದ್ದೀರ" ಎಂದು ಅವಳು, "ನಾನು ಮುಟ್ಟೇ ಇಲ್ಲ ಕಣೇ" ಎಂದು ಇವನು, ಆ ಜಗಳ ಇವತ್ತಿಗೂ ಇತ್ಯರ್ಥವಾಗಿಲ್ಲ.

ಅವತ್ತಿನಿಂದ ಅವಳು ಗಾಡಿಯನ್ನೂ ಹತ್ತಲಿಲ್ಲ, ಹಾಡನ್ನೂ ಹಾಡಲಿಲ್ಲ. ಇಡೀ ತವರಿನಲ್ಲಿ ತೊಟ್ಟಿಲು ಅಂದರೆ ಗಿರಿಜಾಂಬಿಕಾಳ ದನಿ ಎಂದು ಹೆಸರಾದವಳು, ಅಡುಗೆಮನೆಯಲ್ಲಿ ಗುನುಗುವುದನ್ನೂ ಬಿಟ್ಟಳು. ರೇಣುಕಪ್ರಸಾದ್‌ಗೆ ಇದು ನುಂಗಲಾರದ ತುತ್ತಾಗಿತ್ತು. ಅವನಿಗೆ ಹೆಂಡತಿ ಪಕ್ಕದಲ್ಲಿ ಬೇಕಿತ್ತು, ಅವಳ ಹಾಡು ಬೇಕಿತ್ತು. ಬಾಯಿಬಿಟ್ಟು ಕೇಳುವ ಪೈಕಿ ಅವನಲ್ಲ. ಗೋಣಿಚೀಲದ ಜೊತೆ ಮಾತಾಡಿಕೊಂಡು ತಿಪಟೂರಿಗೆ ಹೋಗಿಬರುತ್ತಿದ್ದ.

ಹೀಗಿರುವಾಗ ಬೋರನಕಣಿವೆ ಕಡೆಯ ಅವಳ ತವರಿನಿಂದ ಕರೆ ಬಂತು. ತಮ್ಮ ತೋಂಟದಾರ್ಯನ ಮೊಮ್ಮಗಳಿಗೆ ನಾಮಕರಣ. ಅಕ್ಕನೇ ಜೋಗುಳ ಹಾಡಬೇಕು.

"ನಾನು ಬಸ್ಸಿಗೆ ಹೋಯ್ತೀನಿ. ನೀವು ಗಾಡೀಲಿ ಬನ್ನಿ" ಎಂದಳು ಗಿರಿಜಾಂಬಿಕಾ.

"ಗಂಡ ಒಂದು ದಾರಿ, ಹೆಂಡ್ತಿ ಒಂದು ದಾರಿ. ನೋಡಿದೋರು ಏನಂದಾರು?"

"ಸೀನಿದ್ರೆ ಏನಂತಾರೆ ಅಂತ ಆಗ್ಲೇ ಕೇಳಿಸ್ಕೊಂಡಿದ್ದೀನಿ ಬುಡಿ."

"ಸೀನು ಬರದಂಗೆ ಮಾಡಿದ್ರೆ?"

ಅವಳು ಹೆಣಿಗೆಯಿಂದ ತಲೆ ಎತ್ತಿದಳು. ಈ ಮಗುವಿಗೆ ಹಳದಿ ಕುಲಾವಿ ಆಗುತ್ತಿತ್ತು. "ಭಾನುವಾರ ಸಂತೆಗೆ ತಿಪಟೂರ್‌ಗೆ ಕರ್ಕೊಂಡೋಗಿ. ಒಂದು ಸೀನು ಬಂದ್ರೂ ನಾಮಕರಣಕ್ಕೆ ನಾನು ಬಸ್ಸಿಗೇ. ಆಮೇಲೆ ಈ ಜನ್ಮದಲ್ಲಿ ಗಾಡಿ ಹತ್ತು ಅನ್ಬೇಡಿ."

ರೇಣುಕಪ್ರಸಾದ್ ತಿಪಟೂರಿನ ಮೆಕ್ಯಾನಿಕ್ ದುರ್ಗಯ್ಯನಿಗೆ ಫೋನ್ ಮಾಡಿದ. ದುರ್ಗಯ್ಯ ಯಾವುದೋ ಲಾರಿಯ ಅಡಿಯಲ್ಲಿ ಮಲಗಿದ್ದ. "ಎಸಿ ಫಿಲ್ಟರ್ ಧೂಳು ಕಟ್ಟಿರ್ತದೆ ರೇಣಣ್ಣ. ಡ್ಯಾಶ್‌ಬೋರ್ಡ್ ಖಾನೆ ಎರಡೂ ಕಡೆಯಿಂದ ಒತ್ತಿದ್ರೆ ಕಳಚ್ಕೊಂಡು ಬತ್ತದೆ. ಹಿಂದ್ಗಡೆ ಒಂದು ಮುಚ್ಚಳ, ಅದರೊಳ್ಗೆ ಫಿಲ್ಟರ್. ತೆಗ್ದು ಕ್ಲೀನ್ ಮಾಡಿ ಹಾಕಿ, ಅಷ್ಟೇಯ." ಇಷ್ಟು ಹೇಳಿ ಲಾರಿಯ ಕಡೆ ತಿರುಗಿಕೊಂಡ. ಫಿಲ್ಟರ್ ನೋಡೋದಕ್ಕೆ ಹೇಗಿರುತ್ತದೆ ಎಂದು ಇವನು ಕೇಳಲಿಲ್ಲ, ಅವನು ಹೇಳಲಿಲ್ಲ.

ಖಾನೆ ಕಳಚಿತು. ಮುಚ್ಚಳ ತೆರೆಯಿತು. ಒಳಗಿದ್ದದ್ದನ್ನು ನೋಡಿ ರೇಣುಕಪ್ರಸಾದ್‌ಗೆ ಎದೆಯುಬ್ಬಿತು. ತೆಂಗಿನ ನಾರು! ಚೌಕಾಕಾರದ ಜಾಗಕ್ಕೆ ಅಚ್ಚಿನಲ್ಲಿ ಒತ್ತಿದ ಹಾಗೆ ಕೂತಿದೆ. ಅವನು ಮಲಗುವ ಹಾಸಿಗೆ ನಾರಿನದು, ಕಾಲು ಒರೆಸುವ ಮ್ಯಾಟ್ ನಾರಿನದು, ಪಾತ್ರೆ ತಿಕ್ಕುವುದು ನಾರಿನಲ್ಲಿ, ಬಾವಿಗೆ ಬಿಡುವ ಹಗ್ಗ ನಾರಿನದು. ಇನ್ನು ಎಸಿಯಲ್ಲಿ ನಾರಿದ್ದರೆ ಆಶ್ಚರ್ಯವೇನು? "ನಮ್ಮ ಸೀಮೆ ನಾರು ಎಲ್ಲೆಲ್ಲಿಗೆ ಹೋಯ್ತದೆ ನೋಡು" ಎಂದುಕೊಂಡ. ಗಟ್ಟಿಯಾಗಿರಲಿ ಎಂದು ಕಂಪನಿಯವರು ನಡುನಡುವೆ ಹಸಿರು ನೂಲನ್ನೂ ಸೇರಿಸಿದ್ದರು. ಅದು ಅವನಿಗೆ ಇನ್ನೂ ಮೆಚ್ಚುಗೆಯಾಯಿತು.

ಅದನ್ನು ಬಕೆಟ್ಟಿನಲ್ಲಿ ನೆನೆಹಾಕಿ, ಮಗಳು ಲಿಖಿತಾ ಹಾಸ್ಟೆಲಿಗೆ ಹೋಗುವಾಗ ಬಿಟ್ಟುಹೋಗಿದ್ದ ಶಾಂಪೂ ಹಾಕಿ, ಎಣ್ಣೆ ನೀರು ಹಾಕಿದ ಮಗುವಿನ ತಲೆ ಉಜ್ಜಿದಷ್ಟು ಮೆತ್ತಗೆ ತೊಳೆದ. ಕೊಬ್ಬರಿ ಅಟ್ಟದ ಏಣಿಯ ಮೇಲೆ ಬಿಸಿಲಿಗೆ ಇಟ್ಟ. ಒಣಗಿದ ಮೇಲೆ ಘಮಘಮ ಅನ್ನಲಿ ಎಂದು ಒಂದು ಚೂರು ಕರ್ಪೂರವನ್ನೂ ಸಿಕ್ಕಿಸಿ, ಇದ್ದ ಜಾಗದಲ್ಲೇ ಕೂರಿಸಿದ.

ಭಾನುವಾರ ಗೋಣಿಚೀಲಗಳು ಹಿಂದಕ್ಕೆ ಹೋದವು. ಗಿರಿಜಾಂಬಿಕಾ ಸೀಟನ್ನು ಸೆರಗಿನಿಂದ ಒರೆಸಿಕೊಂಡು ಕೂತಳು. ಗಾಡಿ ಬಿಳಿಗೆರೆ ದಾಟಿತು. ಆಮೇಲೆ ರೇಣುಕಪ್ರಸಾದ್ ಪರೀಕ್ಷೆಗೆ ಕೂತ ಹುಡುಗನಂತೆ ಅಳುಕುತ್ತ ಎಸಿ ಗುಂಡಿ ತಿರುಗಿಸಿದ.

ಮೊದಲು ಕರ್ಪೂರದ ವಾಸನೆ ಬಂತು. ಅವಳ ಮುಖ ಅರಳಿತು. "ಪರ್ವಾಗಿಲ್ಲ ಕಣ್ರೀ" ಅಂದಳು. ಅದರ ಹಿಂದೆಯೇ ನಾರಿನ ಎಳೆಗಳು ಬಂದವು. ಶಾಂಪೂವಿನಲ್ಲಿ ಮಿಂದು ಬಿಡಿಬಿಡಿಯಾಗಿದ್ದ ನಾರು ಅವಳ ಮೂಗಿಗೆ, ಹುಬ್ಬಿಗೆ, ಮುಡಿದ ಕಾಕಡ ಹೂವಿಗೆ ಬಂದು ಕೂತಿತು. ಮುಂದಿನದನ್ನು ಹೇಳಬೇಕಾಗಿಲ್ಲ. ತಿಪಟೂರು ಕಾಣುವಷ್ಟರಲ್ಲಿ ಅವಳ ಕಣ್ಣು ಮೂಗು ಎಲ್ಲ ಕೆಂಪಾಗಿ, "ನಿಲ್ಸಿ! ಅಕ್ಷೀ! ಗಾಡಿ ನಿಲ್ಸಿ!" ಎಂದು ಇಳಿದೇಬಿಟ್ಟಳು.

"ಬಸ್ ಸ್ಟಾಪ್ ಅಲ್ಲೇ ಐತೆ. ನಾನು ಹೋಯ್ತೀನಿ."

ರೇಣುಕಪ್ರಸಾದ್‌ಗೆ ದುಃಖ, ಸಿಟ್ಟು ಎರಡೂ ಒಟ್ಟಿಗೇ ಬಂದವು. "ಹೋಗೋದಾದ್ರೆ ಹೋಗು. ನಾನು ಎಷ್ಟು ಚೆಂದಾಗಿ ತೊಳ್ದಿದ್ದೀನಿ ಅಂತ ನೋಡ್ಬುಟ್ಟಾದ್ರೂ ಹೋಗು!" ಎಂದವನೇ ಖಾನೆ ಕಿತ್ತು, ಮುಚ್ಚಳ ತೆಗೆದು, ಫಿಲ್ಟರನ್ನು ಅವಳ ಮುಂದೆ ಹಿಡಿದ. "ಅಪ್ಪಟ ನಾರು. ಶಾಂಪೂ ಹಾಕಿದ್ದೀನಿ. ಕರ್ಪೂರ ಇಟ್ಟಿದ್ದೀನಿ. ನೋಡು, ಗಟ್ಟಿ ಇರ್ಲಿ ಅಂತ ಹಸಿರು ನೂಲು ಬೇರೆ ಕೊಟ್ಟವ್ರೆ ಕಂಪನಿಯೋರು."

ಹಸಿರು ನೂಲನ್ನು ಗಿರಿಜಾಂಬಿಕಾ ನೋಡಿದಳು. ಹತ್ತಿರ ಬಂದು ಎರಡು ಬೆರಳಲ್ಲಿ ಒಂದೆಳೆ ಎಳೆದಳು. ಅದರ ಜೊತೆ ಒಂದು ಪುಟ್ಟ ಬಿಳಿ ಗೊಂಡೆಯೂ ಬಂತು. ಆ ಗೊಂಡೆಯನ್ನು ಕಟ್ಟಿದವಳು ಅವಳೇ.

"ರೀ," ಎಂದಳು, "ಇದು ನನ್ನ ಕುಲಾವಿ."

"ಕುಲಾವಿ ಫಿಲ್ಟರ್ ಒಳಗೆ ಹೆಂಗೆ..."

"ಫಿಲ್ಟರ್ ಅಲ್ಲ ಕಣ್ರೀ. ಇಲಿ ಗೂಡು!"

ರೇಣುಕಪ್ರಸಾದ್ ಕೈಯಲ್ಲಿದ್ದದ್ದನ್ನು ನೋಡಿದ. ಕೊಬ್ಬರಿ ಅಟ್ಟದ ಕೆಳಗೆ, ತೆಂಗಿನ ಸಿಪ್ಪೆ ರಾಶಿಯ ಪಕ್ಕದಲ್ಲೇ ಗಾಡಿ ನಿಲ್ಲಿಸುತ್ತಿದ್ದದ್ದು, ಅಟ್ಟದ ಇಲಿಗಳು, ಎಲ್ಲ ಒಂದೊಂದಾಗಿ ನೆನಪಿಗೆ ಬಂದು, ಅವನ ಮುಖ ಇಂಗು ತಿಂದ ಮಂಗನದಾಯಿತು. ಗಿರಿಜಾಂಬಿಕಾ ನಗಲು ಶುರುಮಾಡಿದಳು. ನಕ್ಕು ಸೀನಿದಳು, ಸೀನಿ ನಕ್ಕಳು, ನಿಲ್ಲಲಾರದೆ ಗಾಡಿಯ ಮೆಟ್ಟಿಲ ಮೇಲೆ ಕುಸಿದು ಕೂತಳು. "ಬೆಟ್ಟ ಅಗೆದು ಇಲಿ ಹಿಡಿದೋರ್ನ ಕೇಳಿದ್ದೆ. ಇಲಿ ಗೂಡಿಗೆ ಶಾಂಪೂ ಹಾಕಿ, ಒಣಗಿಸಿ, ವಾಪಸ್ ಇಟ್ಟೋರ್ನ ಇವತ್ತೇ ನೋಡಿದ್ದು!" ಗೊಂಡೆಯನ್ನು ಅಂಗೈಯಲ್ಲಿಟ್ಟು ನೋಡಿದಳು. "ಹೋಗ್ಲಿ ಬುಡಿ. ನನ್ನ ಕುಲಾವಿ ದಂಡ ಆಗಿಲ್ಲ. ಯಾರ್ದೋ ಬಾಣಂತನಕ್ಕೆ ಬಂದೈತೆ. ನಿಮ್ಮನ್ನ ಸುಮ್ಮನೆ ಅಂದ್ಬುಟ್ಟೆ."

ಬಸ್ಸು ಬಂತು, ನಿಂತಿತು, ಹೋಯಿತು. ಅವಳು ಅದರ ಕಡೆ ತಿರುಗಿಯೂ ನೋಡಲಿಲ್ಲ. "ದುರ್ಗಯ್ಯನ ಹತ್ರ ನಡೀರಿ. ಕಿಟಕಿ ಎಲ್ಲ ಇಳಿಸಿ, ಗಾಳಿ ಹಾಕ್ಬೇಡಿ" ಎಂದು ಹತ್ತಿ ಕೂತಳು.

ದುರ್ಗಯ್ಯ ಗೂಡನ್ನು ನೋಡಿ ಸ್ಪ್ಯಾನರ್ ಕೆಳಗಿಟ್ಟು ನಕ್ಕ. ಆಮೇಲೆ ಟಾರ್ಚ್ ಬೆಳಕು ಬಿಟ್ಟು ಒಳಗೆ ನೋಡಿ, "ಈ ಮಾಡಲ್‌ಗೆ ಕಂಪನಿಯೋರು ಫಿಲ್ಟರ್ ಇಡೋ ಜಾಗ ಕೊಟ್ಟವ್ರೆ ಅಕ್ಕ, ಫಿಲ್ಟರ್ ಕೊಟ್ಟಿಲ್ಲ. ಜಾಗ ಖಾಲಿ ಇದ್ರೆ ಇಲಿ ಬುಟ್ಟಾದಾ?" ಅಂದ. ಒಳಗಿನ ಫ್ಯಾನಿಗೆ ಅಂಟಿದ್ದ ಕಸವನ್ನೆಲ್ಲ ಗಾಳಿ ಹೊಡೆದು ತೆಗೆದ. ಹೊರಗಿನ ಗಾಳಿ ಬರುವ ಬಾಯಿಗೆ ಇಲಿ ನುಸುಳದಂತೆ ಜಾಲರಿ ಕಟ್ಟಿದ. ಪಕ್ಕದ ಅಂಗಡಿಯಿಂದ ತಂದ ಫಿಲ್ಟರು ಮಡಿಕೆ ಮಡಿಕೆಯಾಗಿ, ಬಿಳಿ ಕಾಗದದ ಬೀಸಣಿಗೆಯಂತಿತ್ತು. "ಇಷ್ಟೇನಾ?" ಎಂದು ಗಿರಿಜಾಂಬಿಕಾ ಅದನ್ನು ಕೈಗೆ ತೆಗೆದುಕೊಂಡು, ಬದಿಯಲ್ಲಿದ್ದ ಬಾಣದ ಗುರುತು ಗಾಳಿ ಹೋಗುವ ಕಡೆಗೆ ಬರುವಂತೆ ದುರ್ಗಯ್ಯ ಹೇಳಿದ ಹಾಗೆ ತಾನೇ ಒಳಗೆ ಜಾರಿಸಿದಳು. ಈ ಸಲ ಗಂಡನನ್ನು ನಂಬಲು ಅವಳು ತಯಾರಿರಲಿಲ್ಲ.

ಆದರೂ ನಾಮಕರಣದ ಬೆಳಿಗ್ಗೆ ಗಾಡಿ ಹತ್ತುವಾಗ ಅವಳ ಕೈಯಲ್ಲಿ ಕರ್ಚೀಫಿತ್ತು, ಪರ್ಸಿನಲ್ಲಿ ಬಸ್ಸಿಗೆ ಚಿಲ್ಲರೆ ಇತ್ತು. ರೇಣುಕಪ್ರಸಾದ್ ರಸ್ತೆ ನೋಡಿದ್ದಕ್ಕಿಂತ ಅವಳ ಮೂಗು ನೋಡಿದ್ದೇ ಹೆಚ್ಚು. ಚಿಕ್ಕನಾಯಕನಹಳ್ಳಿ ದಾಟಿತು. ಹುಳಿಯಾರಿನ ಕಡೆ ರಸ್ತೆ ಅಗೆದಿದ್ದರು. ಮುಂದಿನ ಜಲ್ಲಿ ಲಾರಿ ಕೆಮ್ಮಣ್ಣಿನ ಧೂಳನ್ನು ಗಾಜಿನ ತುಂಬ ಎರಚಿತು. ಅವಳ ಮೂಗು ಒಮ್ಮೆ ಅರಳಿತು, ಕರ್ಚೀಫ್ ಮೇಲಕ್ಕೆದ್ದಿತು. ಏನೂ ಆಗಲಿಲ್ಲ. ಅವಳು ಹಣೆ ಒರೆಸಿಕೊಂಡು ಕರ್ಚೀಫನ್ನು ಪರ್ಸಿಗೆ ಹಾಕಿದಳು.

ತೊಡೆಯ ಮೇಲಿದ್ದ ಹಳದಿ ಕುಲಾವಿಯನ್ನು ನೇವರಿಸುತ್ತ, ಯಾರನ್ನೂ ಕೇಳದೆ, ಸಣ್ಣಗೆ ಶುರುಮಾಡಿದಳು. ಅವಳ ಅಜ್ಜಿ ಕಟ್ಟಿದ ಪದ. ಲಿಖಿತಾ ಮಗುವಾಗಿದ್ದಾಗ ಅದನ್ನು ಕೇಳದೆ ಕಣ್ಣು ಮುಚ್ಚುತ್ತಿರಲಿಲ್ಲ.

"ತೋಟದ ಗಾಳಿಯೇ ಮೆಲ್ಲನೆ ಬಾರೋ, ತೊಟ್ಟಿಲ ಕಂದನ ತೂಗಿ ಹೋಗೋ..."

ರೇಣುಕಪ್ರಸಾದ್ ಗೇರ್ ಇಳಿಸಿದ. ಹಿಂದಿನಿಂದ ಬಂದ ಬಸ್ಸಿಗೆ ದಾರಿ ಬಿಟ್ಟ. ಬೇಗ ತಲುಪುವ ಆಸೆ ಅವನಿಗೆ ಇರಲಿಲ್ಲ. ಎರಡನೇ ನುಡಿ ಮುಗಿಯುವ ಹೊತ್ತಿಗೆ ಅವನು ಅಂಗಿಯ ತೋಳಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದ.

ಅವಳು ಹಾಡು ನಿಲ್ಲಿಸಿದಳು. "ಯಾಕ್ರೀ?"

"ಏನಿಲ್ಲ ಕಣೇ, ಧೂಳು."

ಗಿರಿಜಾಂಬಿಕಾ ಡ್ಯಾಶ್‌ಬೋರ್ಡಿನ ಖಾನೆಯನ್ನೊಮ್ಮೆ ನೋಡಿದಳು, ಗಂಡನನ್ನೊಮ್ಮೆ ನೋಡಿದಳು. "ಫಿಲ್ಟರ್ ನಾನೇ ಹಾಕಿದ್ದೀನಿ" ಎಂದಳು. "ಧೂಳು ಎಲ್ಲಿಂದ ಬತ್ತದೆ?"

ಉತ್ತರಕ್ಕೆ ಕಾಯದೆ ಮೂರನೇ ನುಡಿ ಎತ್ತಿಕೊಂಡಳು.